ಕಣದಲ್ಲಿ ಆಡಬಾರದ ಮಾತು, ಆಕಾಶದಲ್ಲಿ ನಿಂತ ಗೀರು

ನಾನು ಚಿಕ್ಕವನಿದ್ದಾಗ ರಾಗಿ ಒಕ್ಕುವ ನಮ್ಮ ಕಣದೊಳಗೆ ನಿಂತು ‘ಮಳೆ’ ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ನಗಬೇಡಿ ಮಕ್ಕಳೇ. ವರ್ಷವಿಡೀ ಉಣ್ಣುವ ರಾಗಿ ಬಯಲಲ್ಲಿ ಬಿದ್ದಿರುವಾಗ ಆ ಹೆಸರೆತ್ತಿದರೆ ಅದನ್ನು ಕೂಗಿ ಕರೆದಂತೆ ಎಂದು ಅಪ್ಪ ನಂಬಿದ್ದರು. ಅಂಥ ಕಣದಲ್ಲಿ ಆ ಮಾತನ್ನು ಬಾಯೊಳಗೆ ಇಟ್ಟುಕೊಂಡು ನಾನು ಒಂದು ಬೆಳಿಗ್ಗೆ ಪೂರ್ತಿ ಒದ್ದಾಡಿದ ಕಥೆ ಇದು. ಇದರಲ್ಲಿ ಬರುವ ಅಕ್ಕ ಅಂದರೆ ನಿಮ್ಮ ಅಜ್ಜಿ. ನಾನು ಅವಳ ತಮ್ಮ. ತಲೆ ಇನ್ನೂ ಅರ್ಧ ಕಪ್ಪಗಿರುವಾಗಲೇ ನಿಮ್ಮಿಂದಾಗಿ ತಾತ ಅನ್ನಿಸಿಕೊಂಡವನು!

ಅದು ತೊಂಬತ್ತರ ದಶಕ. ನಮ್ಮೂರು ನಂಜನಗೂಡು ಸೀಮೆಯ ಹೆಡತಲೆಯಿಂದ ನಡೆದು ಬರುವಷ್ಟು ದೂರ. ದಿನಕ್ಕೊಂದೆರಡು ಸಲ ಟಿ. ನರಸೀಪುರದ ದಿಕ್ಕಿನಿಂದ ಒಂದು ಬಿಳಿ ಗೀರು ಹುಟ್ಟಿ, ಗುಂಡ್ಲುಪೇಟೆ ಕಡೆಗೆ ಆಕಾಶವನ್ನು ಸೀಳಿಕೊಂಡು ಹೋಗುತ್ತಿತ್ತು. “ರಾಕೆಟ್ ಓಯ್ತದೆ, ರಾಕೆಟ್!” ಎಂದು ಹುಡುಗರೆಲ್ಲ ಅದರ ಹಿಂದೆ ಓಡುತ್ತಿದ್ದೆವು. ದೊಡ್ಡವರಿಗೂ ಅದು ರಾಕೆಟ್ಟೇ. ಅಕ್ಕ ಮಾತ್ರ ನನ್ನ ತಲೆಗೆ ಮೊಟಕಿ, “ಅದು ವಿಮಾನ ಕಣೋ” ಎಂದಳು. ಅವಳು ದಿನಾ ಬಸ್ಸಿನಲ್ಲಿ ನಂಜನಗೂಡಿಗೆ ಹೋಗಿ ಡಿಗ್ರಿ ಓದುತ್ತಿದ್ದಳು. ಅಪ್ಪನಿಗೆ ಆ ಓದು ಅಷ್ಟಕ್ಕಷ್ಟೆ. “ಓದ್ಕಂಡು ಏನ್ ಕಡ್ದಾಕಿಯೆ? ಈ ಸಲದ ಸಂಕ್ರಾಂತಿಗೆ ಸಾಕು” ಎನ್ನುತ್ತಿದ್ದರು.

ಚಳಿಯ ಒಂದು ಬೆಳಿಗ್ಗೆ ಅಕ್ಕ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, “ಬಾಯಿ ತೆಗ್ದು ಹಾ ಅನ್ನು” ಎಂದಳು. ಅಂದೆ. ಬಿಳಿ ಉಸಿರು ಹೊರಬಂತು. ಆ ಗೀರೂ ಅಷ್ಟೇ ಅಂತೆ. ವಿಮಾನ ಹಾರುವ ಎತ್ತರದಲ್ಲಿ ನಾವು ಊಹಿಸಲಾರದಷ್ಟು ಚಳಿ. ಅದರ ಎಂಜಿನ್ನಿನಲ್ಲಿ ಎಣ್ಣೆ ಉರಿದಾಗ ಹೊರಡುವ ಹಬೆ, ಮಸಿಯ ಕಣಗಳ ಮೇಲೆ ಹೆಪ್ಪುಗಟ್ಟಿ ಮಂಜುಗಡ್ಡೆಯ ಸಣ್ಣ ಸಣ್ಣ ಹರಳಾಗುತ್ತದೆ. ಮೇಲಿನ ಗಾಳಿ ಒಣಗಿದ್ದರೆ ಆ ಹರಳುಗಳು ಚಿಟಿಕೆ ಹೊಡೆಯುವುದರಲ್ಲಿ ಮಾಯ. ಅಲ್ಲಿ ತೇವ ತುಂಬಿದ್ದರೆ ಮಾತ್ರ ಅವು ಕರಗದೆ, ಸುತ್ತಲಿನ ತೇವವನ್ನೇ ಕುಡಿದು ದಪ್ಪಗಾಗಿ, ಗಂಟೆಗಟ್ಟಲೆ ನಿಂತು ಹರಡಿಕೊಳ್ಳುತ್ತವೆ. ಹಿಂದೆ ಎರಡನೇ ಮಹಾಯುದ್ಧ ನಡೆದಾಗ ಪೈಲಟ್‌ಗಳಿಗೆ ಈ ಗೀರನ್ನು ಕಂಡರೆ ಭಯವಂತೆ. ವಿಮಾನ ಕಾಣದಷ್ಟು ಮೇಲೆ ಹಾರಿದರೂ ಬಾಲ ಕಂಡು ಶತ್ರುವಿಗೆ ಸುಳಿವು ಸಿಗುತ್ತಿತ್ತು. ಗೀರು ಯಾವಾಗ ಮೂಡುತ್ತದೆ, ಯಾವಾಗ ಇಲ್ಲ ಎಂದು ವಿಜ್ಞಾನಿಗಳು ತಲೆ ಕೆಡಿಸಿಕೊಂಡು ಲೆಕ್ಕ ಹಾಕಿದ್ದು ಆ ಕಾಲದಲ್ಲೇ.

ಅಂದಿನಿಂದ ನನಗೆ ಅದೇ ಕೆಲಸ. ದನದ ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿಡುತ್ತಿದ್ದೆ. ಬೇಗ ಮಾಯವಾದರೆ ಮೋಟು ಗೆರೆ, ನಿಂತರೆ ಉದ್ದ ಗೆರೆ. ವಾರಗಟ್ಟಲೆ ಬರೀ ಮೋಟು ಗೆರೆಗಳೇ ಆದವು.

ಆವತ್ತು ಶನಿವಾರ. ಕಲ್ಲಿನ ಗುಂಡು ಉರುಳಿಸಿ ಒಕ್ಕಿದ ರಾಗಿ, ಹೊಟ್ಟಿನ ಸಮೇತ ಕಣದ ತುಂಬ ಬಿದ್ದಿತ್ತು. ಸಗಣಿ ಸಾರಿಸಿದ ನೆಲದ ವಾಸನೆ, ಕತ್ತಿನ ತುಂಬ ರಾಗಿ ಧೂಳಿನ ಕಡಿತ. ತೂರಲು ಗಾಳಿ ಇರಲಿಲ್ಲ. “ನಾಳೆ ನಾಡಿದ್ರಲ್ಲಿ ಬತ್ತದೆ, ಕಾಯವ” ಎಂದು ಅಪ್ಪ ನೆರಳಲ್ಲಿ ಕೂತಿದ್ದರು. ನಾನು ತಲೆ ಎತ್ತಿದೆ. ಬೆಳಿಗ್ಗೆ ಎಳೆದ ಗೀರು ಹೋಗಿಯೇ ಇರಲಿಲ್ಲ! ಹಿಂಜಿದ ಅರಳೆಯ ಹಾಗೆ ಅಗಲವಾಗಿ, ಪಕ್ಕದಲ್ಲಿ ಇನ್ನೊಂದು ಗೀರನ್ನೂ ಸೇರಿಸಿಕೊಂಡಿತ್ತು. ಮೇಲೆ ಅಷ್ಟು ತೇವ ಇದ್ದರೆ ಅದು ಕೆಳಗೆ ಸುರಿಯದೆ ಇರುತ್ತದೆಯೇ? ಅಪ್ಪನ ಬಳಿಗೆ ಓಡಿದೆ. ಹೇಳುವುದು ಹೇಗೆ? ಒಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಇನ್ನೊಂದನ್ನು ಆಕಾಶಕ್ಕೆ ತೋರಿಸುತ್ತಾ ಕುಣಿದೆ.

“ಯಾಕ್ಲಾ, ಅಲ್ಲು ನೋಯ್ತದಾ? ಓಗಿ ಲವಂಗ ಕಚ್ಕೊ” ಎಂದರು ಅಪ್ಪ. ಅವ್ವ ನಿಜವಾಗಿಯೂ ಲವಂಗ ತಂದು ಬಾಯಿಗಿಟ್ಟಳು.

ಮಧ್ಯಾಹ್ನದ ಬಸ್ಸಿಗೆ ಅಕ್ಕ ಬಂದಳು. ಅವಳನ್ನು ಕೊಟ್ಟಿಗೆಯ ಗೋಡೆಯ ಬಳಿಗೆ ಕರೆದೊಯ್ದು, ಆಗಷ್ಟೇ ಎಳೆದಿದ್ದ ಮೊದಲ ಉದ್ದ ಗೆರೆ ತೋರಿಸಿದೆ. ಅವಳು ಬಹಳ ಹೊತ್ತು ಆಕಾಶ ನೋಡಿದಳು. ಆಮೇಲೆ ಸೀದಾ ಹೋಗಿ ಅಪ್ಪನ ಕೈ ಹಿಡಿದು, ಕಣದ ಬೇಲಿ ದಾಟಿಸಿ ರಸ್ತೆಗೆ ನಿಲ್ಲಿಸಿದಳು. ಅಲ್ಲಾದರೆ ಹೇಳಬಹುದಲ್ಲ! ನನ್ನ ಮಂಡೆಗೆ ಅಷ್ಟು ಹೊಳೆದಿರಲಿಲ್ಲ ನೋಡಿ.

“ಅಪ್ಪಾ, ಮಳೆ ಬತ್ತದೆ. ನಾಳೆ ಒಳ್ಗೇ ಬತ್ತದೆ. ಗಾಳಿಗೆ ಕಾಯ್ಬ್ಯಾಡ, ಇವತ್ತೇ ತೂರಿ ಮನೆ ಸೇರಿಸ್ಬುಡವ” ಎಂದಳು.

“ಬಿಸ್ಲು ಸುಡ್ತಾ ಅದೆ. ನಿಂಗ್ಯಾರು ಯೋಳುದ್ರು, ರಾಕೆಟ್ಟಾ?”

“ಊಂ, ರಾಕೆಟ್ಟೇ ಯೋಳ್ತು. ಸುಳ್ಳಾದ್ರೆ ಸೋಮವಾರದಿಂದ ನಾ ಕಾಲೇಜ್ಗೆ ಓಗಕಿಲ್ಲ.”

ಅಪ್ಪ ಅವಳ ಮುಖವನ್ನೇ ನೋಡಿ, “ಮಾತು ಅಂದ್ರೆ ಮಾತು” ಎಂದು ಪಂಚೆ ಎತ್ತಿ ಕಟ್ಟಿದರು.

ನಾನೂ ಅಕ್ಕನೂ ಕಂಬಳಿಯ ಎರಡು ತುದಿ ಹಿಡಿದು ಬೀಸಿ ಬೀಸಿ ಗಾಳಿ ಮಾಡಿದೆವು, ಅಪ್ಪ ಮೊರದಲ್ಲಿ ತೂರಿದರು. ರಟ್ಟೆ ಬಿದ್ದುಹೋಗಿತ್ತು. ಸಂಜೆಗೆ ಕಡೆಯ ಚೀಲ ಮನೆ ಸೇರಿತು. ಅಕ್ಕಪಕ್ಕದ ಕಣದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾರನೆಯ ಬೆಳಿಗ್ಗೆ ಚುರುಗುಟ್ಟುವ ಬಿಸಿಲು! ಅಪ್ಪ ಜಗಲಿಯ ಮೇಲೆ ಕೂತು ಆಕಾಶವನ್ನೇ ನೋಡುತ್ತಿದ್ದರು. ಅಕ್ಕ ಏನೂ ಆಗದವಳ ಹಾಗೆ ಪಾತ್ರೆ ಬೆಳಗಿದಳು. ನಾನು ಮಾತ್ರ ಕೊಟ್ಟಿಗೆಗೆ ಹೋಗಿ, ಆ ಉದ್ದ ಗೆರೆ ಬರೆದ ಕೈಯನ್ನೇ ಬೈದುಕೊಂಡು ಅತ್ತೆ. ಊಟದ ಹೊತ್ತಿಗೆ ಬಿಸಿಲು ಮಂಕಾಯಿತು. ದನಗಳು ಮನೆ ಕಡೆ ತಿರುಗುವ ಹೊತ್ತಿಗೆ ಆಕಾಶ ಬೂದಿ ಬಣ್ಣಕ್ಕೆ ತಿರುಗಿ, ಹೆಂಚಿನ ಮೇಲೆ ಮೊದಲ ಹನಿ ಟಪ್ಪೆಂದಿತು. ಮೂರು ದಿನ ಜಿಟಿಜಿಟಿ ಬಿಡಲೇ ಇಲ್ಲ. ನಕ್ಕವರ ರಾಗಿಗೂ ಅವ್ವ ನಮ್ಮ ಪಡಸಾಲೆಯಲ್ಲಿ ಜಾಗ ಮಾಡಿಕೊಟ್ಟಳು.

ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು: “ಗೀರು ನಿಂತ್ರೆ ಮೇಲೆ ತೇವ ಅದೆ ಅಂತ ಅಷ್ಟೇ ಕಣೋ. ಮಳೆ ಬಂದೇ ಬತ್ತದೆ ಅಂತೇನಿಲ್ಲ. ಮಿಕ್ಕಿದ್ದು ನನ್ ಧೈರ್ಯ.” ಆ ಧೈರ್ಯವನ್ನು ನೆನೆದರೆ ನನಗೆ ಈಗಲೂ ಹೆಮ್ಮೆ.

ಸೋಮವಾರ ಅಪ್ಪ ತಾವೇ ಕೊಡೆ ಹಿಡಿದು ಅಕ್ಕನನ್ನು ಬಸ್ಸಿಗೆ ಹತ್ತಿಸಿ ಬಂದರು. ಭೇಷ್ ಅನ್ನಲಿಲ್ಲ, ಅದು ಅವರ ಬಾಯಲ್ಲಿ ಬರುವ ಮಾತೇ ಅಲ್ಲ. ಸಂಕ್ರಾಂತಿ ಬಂತು, ಹೋಯಿತು, ಕಾಲೇಜು ಬಿಡಿಸುವ ಸುದ್ದಿಯೇ ಬರಲಿಲ್ಲ. ಮುಂದಿನ ವರ್ಷದಿಂದ ಒಕ್ಕಣೆಯ ದಿನ ಕಣದೊಳಗೇ ನಿಂತು ನನ್ನನ್ನು ಕೇಳುತ್ತಿದ್ದರು: “ಗೀರು ನಿಂತದೇನ್ಲಾ?” ಕಣದ ಕಟ್ಟಳೆಯೂ ಮುರಿಯಲಿಲ್ಲ, ಕೇಳಬೇಕಾದ್ದೂ ಕೇಳಿದಂತಾಯಿತು.

ಈಗ ನಿಮ್ಮ ಆಕಾಶದ ತುಂಬ ಗೀರುಗಳು. ಯಾವ ವಿಮಾನ, ಯಾವ ಊರಿಗೆ ಎಂದು ನಿಮ್ಮ ಫೋನೇ ಹೇಳುತ್ತದೆ. ನಮಗೆ ಅದಿರಲಿಲ್ಲ, ನಮಗಿದ್ದದ್ದು ಇದ್ದಿಲು ಮತ್ತು ಗೋಡೆ. ಕಣವೂ ಈಗಿಲ್ಲ, ಒಕ್ಕುವ ಮಿಷಿನ್ನಿನಿಂದ ಬಂದ ರಾಗಿಯನ್ನು ತಾರಸಿಯ ಮೇಲೆ ಒಣಗಿಸುತ್ತೇವೆ. ಮೊನ್ನೆ ರಜಕ್ಕೆ ಬಂದಾಗ ಪುಟ್ಟಿ, ನೀನು ಆ ರಾಗಿಯ ಮಧ್ಯೆಯೇ ನಿಂತು, “ನಾಳೆ ಮಳೆ ಅಂತ ಫೋನ್ ತೋರಿಸ್ತಿದೆ!” ಎಂದು ಕೂಗಿದೆ. ನಾನೂ ನಿಮ್ಮ ಅಜ್ಜಿಯೂ ಅಪ್ಪನ ಕಡೆ ನೋಡಿದೆವು. ಕಣ್ಣು ಮಂಜಾದ ನಿಮ್ಮ ಮುತ್ತಾತ ಬೈಯಲಿಲ್ಲ. ಮೆಲ್ಲಗೆ ನಿನ್ನ ಕೈ ಹಿಡಿದು ಅಂದರು: “ಅದಿರ್ಲಿ ಕಣವ್ವ, ನಂಗೆ ಕಾಣಕಿಲ್ಲ. ನೀ ನೋಡಿ ಯೋಳು, ಗೀರು ನಿಂತದಾ?”

ನೀನು ಫೋನು ಕೆಳಗಿಟ್ಟು ತಲೆ ಎತ್ತಿದೆ.