ಪೆಟ್ಟಿಗೆ ಎತ್ತಿದ ಚೀಟಿ

ಯೋಚಿಸದೆ ಒಂದು ಅಂಗಿ ತೆಗೆಯೋಣವೆಂದು ಕಣ್ಣುಮುಚ್ಚಿ ಕಪಾಟಿಗೆ ಕೈಹಾಕಿದರೂ ನನ್ನ ಕೈಗೆ ಬರುವುದು ಅದೇ ನೀಲಿ ಅಂಗಿ. ಲೆಕ್ಕಾಚಾರವಿಲ್ಲದೆ ಆರಿಸುವುದು ಮನುಷ್ಯನಿಗೆ ಬಾರದ ವಿದ್ಯೆ. ‘ಯಾದೃಚ್ಛಿಕ’ ಎಂಬುದು ಉಚ್ಚಾರಕ್ಕೇ ಇಷ್ಟು ತೊಡಕಾದರೆ ಆಚಾರಕ್ಕೆ ಇನ್ನೆಷ್ಟು ತೊಡಕಿರಬೇಡ! ಆದರೆ ಯಂತ್ರಕ್ಕೆ ಬರುತ್ತದೆಂದು ಬಹುಕಾಲ ನಂಬಿದ್ದೆ. ಆ ನಂಬಿಕೆ ಬಿಡಿಸಿದವಳು ಔರಾದ ಕಡೆಯ ಶೇವಂತಾಬಾಯಿ.

ಮಳೆ ಕೈಕೊಟ್ಟ ಎರಡನೆಯ ವರ್ಷ ಅದು. ಭಾಲ್ಕಿ, ಔರಾದಗಳ ಜನ ಬೆಳಗಿನ ಬಸ್ಸಿಗೆ ಕೆಲಸ ಹುಡುಕಿಕೊಂಡು ಕೊಳಾರದ ಕೈಗಾರಿಕಾ ಪ್ರದೇಶಕ್ಕೆ ಬರುತ್ತಿದ್ದರು. ಅಲ್ಲಿನ ಗೋದಾಮೊಂದರ ಪಟ್ಟಿಯಲ್ಲಿದ್ದವರು ನಲವತ್ತು, ದಿನಕ್ಕೆ ಬೇಕಾದವರು ಹದಿನೈದು. ತನ್ನವರನ್ನೇ ಕರೆಯುತ್ತಾನೆಂಬ ಅಪವಾದಕ್ಕೆ ಬೇಸತ್ತ ಮುಕಾದಮ, ಅಂದರೆ ಕೂಲಿಯಾಳುಗಳ ಮೇಸ್ತ್ರಿ, ಮೈಲೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ನನ್ನಿಂದ ಚೀಟಿ ಎತ್ತಿದಂತೆ ಹೆಸರು ಆರಿಸುವ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಯೊಂದನ್ನು ಮಾಡಿಸಿಕೊಂಡ. ಪಕ್ಷಪಾತಕ್ಕೆ ಪಕ್ಷಾಘಾತ ಬಡಿಯಿತೆಂದು ನಾನು ಬೀಗಿದೆ.

ಐದನೆಯ ದಿನ ಶೇವಂತಾಬಾಯಿ ಅಂಗಡಿಗೆ ಬಂದಳು. "ನಿಮ್ಮ ಪೆಟ್ಟಿಗಿ ಚೀಟಿ ಎತ್ತವಲ್ದರಿ ಸರ, ಹಾಜರಿ ಕರೀಲತ್ತದ. ಐದು ದಿನಾನೂ ಅವೇ ಹದಿನೈದು ಹೆಸರು."

"ಹಂಗಾಗಲ್ಲವ್ವ, ಅದು ಯಂತ್ರ," ಎಂದೆ.

"ಯಂತ್ರಕ್ಕ ಕಲಿಸಿದವರು ನೀವೇ ಅಲ್ಲೇನ್ರಿ?" ಅವಳ ದನಿ ಏರಲಿಲ್ಲ. "ಈ ವಾರ ಕೆಲಸ ಸಿಗಲಿಲ್ಲಂದ್ರ ಹೈದರಾಬಾದಿಗಿ ಹೋಗ್ತೇನಿ. ಮಗಳು ಹತ್ತನೇ ಕ್ಲಾಸಿನಾಗ ಅದಾಳ, ಸಾಲಿ ಬಿಡಸಬೇಕಾಗ್ತದ."

ಪೆಟ್ಟಿಗೆ ತರಿಸಿ ಬಿಚ್ಚಿದೆ. ಹೆಸರು ಆರಿಸುವ ಅದನ್ನು ಪ್ರತಿ ಸಂಜೆ ದೀಪಗಳ ಜೊತೆಗೇ ಆರಿಸುತ್ತಿದ್ದರು. ಅದಕ್ಕೆ ಸ್ವಂತ ಗಡಿಯಾರವಿಲ್ಲ. ಎದ್ದಾಗಲೆಲ್ಲ ಅದರ ಪಾಲಿಗೆ ಅದೇ ಗಳಿಗೆ. ಆ ಗಳಿಗೆಯನ್ನೇ ಲೆಕ್ಕ ಶುರುವಾಗುವ ಬೀಜಸಂಖ್ಯೆಯಾಗಿಸಿದವನು ನಾನು. ಒಂದೇ ಬೀಜಕ್ಕೆ ಒಂದೇ ಬೆಳೆ. ನಾಚಿಕೆಯೆಂದರೆ, ವಿದ್ಯುತ್ತಿನ ಸಣ್ಣ ನಡುಕದಿಂದ ಊಹೆಗೆ ನಿಲುಕದ ಸಂಖ್ಯೆ ಹುಟ್ಟಿಸುವ ಅಂಗವೊಂದು ಪೆಟ್ಟಿಗೆಯ ಚಿಪ್‌ನ ಭದ್ರ ಕೋಣೆಯಲ್ಲಿ ಸುಮ್ಮನೆ ಕೂತಿತ್ತು. ಆಪರೇಟಿಂಗ್ ಸಿಸ್ಟಂ ಅಲ್ಲಿಗೆ ನೇರ ನುಗ್ಗುವಂತಿಲ್ಲ. ಬಾಗಿಲು ಕಾಯುವ ಫರ್ಮ್‌ವೇರ್ ಎಂಬ ಒಳತಂತ್ರಾಂಶವನ್ನು ಕೇಳಿ ಪಡೆಯಬೇಕು. ಹಾಗೆ ಕೇಳುವ ಭಾಗವನ್ನೇ ನಾನು ಅನಗತ್ಯವೆಂದು ಕಿತ್ತುಹಾಕಿದ್ದೆ. ಮರಳಿ ಸೇರಿಸಿ, ಹತ್ತು ಸಲ ಹೊಸದಾಗಿ ಚಾಲೂ ಮಾಡಿದೆ. ಹತ್ತು ಸಲವೂ ಬೇರೆ ಬೇರೆ ಪಟ್ಟಿ.

ಮರುದಿನ ಗೋದಾಮಿಗೆ ಹೋಗಿ, ತಪ್ಪು ನನ್ನದು, ಮುಕಾದಮನದಲ್ಲವೆಂದು ಎಲ್ಲರೆದುರು ಹೇಳಿದೆ. ಪೆಟ್ಟಿಗೆ ಹೆಸರುಗಳನ್ನು ತೋರಿಸಿತು. ಶೇವಂತಾಬಾಯಿಯದು ಬರಲಿಲ್ಲ. ಅವಳ ಹೆಸರನ್ನು ಕೈಯಾರೆ ಸೇರಿಸಿಬಿಡಲೇ ಎನ್ನಿಸಿತು. ಬೆರಳು ಕೀಲಿಮಣೆಯತ್ತ ಸರಿದದ್ದನ್ನು ಅವಳು ಕಂಡಳೇನೋ.

"ಬ್ಯಾಡ್ರಿ ಸರ," ಎಂದಳು. "ನಿನ್ನಿ ತನಕಾ ಬರದಿದ್ದದ್ದು ನಿಮ್ಮ ತಪ್ಪು. ಇವತ್ತ ಬರದಿದ್ದದ್ದು ನನ್ನ ನಸೀಬ. ನಾಳಿ ಬರ್ತೇನಿ."

ಮಾರನೆಯ ದಿನವೂ ನಾನು ಗೋದಾಮಿಗೆ ಹೋದೆ. ಅವಳ ಹೆಸರು ಒಂಬತ್ತನೆಯದಾಗಿ ಬಂತು. ನನ್ನತ್ತ ನೋಡಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿ ಸರಸರನೆ ಒಳಗೆ ನಡೆದಳು.