ಅಂಡಮಾನಿಗೆ ತಲುಪದ ಮಾತು

ಹಳೇಬೀಡಿನಲ್ಲಿ ಟಿ.ವಿ., ಮಿಕ್ಸಿ ರಿಪೇರಿ ಮಾಡುವ ಭೀಮರಾಜ್ ಅವರಿಗೆ ಹವ್ಯಾಸಿಗಳಿಗೆ ಕೊಡುವ ಹ್ಯಾಮ್ ರೇಡಿಯೊ ಲೈಸೆನ್ಸ್ ಇತ್ತು. ಅಂಗಡಿಯ ತಾರಸಿ ಮೇಲೆ ತಂತಿ ಎಳೆದು, ತಾವೇ ಕಟ್ಟಿದ ಐದು ವ್ಯಾಟಿನ ಸೆಟ್ಟಿನಲ್ಲಿ ಸಂಜೆ ಹೊತ್ತು ದೂರದವರೊಡನೆ ಮಾತಾಡುತ್ತಿದ್ದರು. ನಾಲ್ಕು ವರ್ಷದ ಹಿಂದೆ ಹಾಗೆ ಸಿಕ್ಕವರು ಮರಿಯಣ್ಣ. ಬೇಲೂರು ಹತ್ತಿರದ ಬಿಕ್ಕೋಡಿನಲ್ಲಿ ಹುಟ್ಟಿ, ಬಂದರಿನ ಕೆಲಸಕ್ಕೆಂದು ಅಂಡಮಾನಿಗೆ ಹೋಗಿ, ಅಲ್ಲೇ ನಿವೃತ್ತರಾದವರು. ಅಷ್ಟು ದೂರದಿಂದ ತಮ್ಮ ಕಡೆಯ ಮಾತು ಕೇಳಿಬಂದ ದಿನ ಭೀಮರಾಜ್ ಊರು ಯಾವುದೆಂದು ಎರಡೆರಡು ಸಲ ಕೇಳಿದ್ದರು. ಅಂದಿನಿಂದ ದಿನಾ ಐದು ಗಂಟೆಗೆ ಹತ್ತು ನಿಮಿಷ ಮಾತು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಮರಿಯಣ್ಣನವರಿಗೆ ಫೋನ್ ಒಗ್ಗುತ್ತಿರಲಿಲ್ಲ, ನಂಬರೂ ಕೊಟ್ಟಿರಲಿಲ್ಲ.

ಹೋದ ವರ್ಷ ಅಂಡಮಾನಿನಲ್ಲಿ ಮರಿಯಣ್ಣನವರ ಮನೆ ಪಕ್ಕ ಯಾವುದೋ ಯಂತ್ರ ಬಂದು, ಅವರ ರೇಡಿಯೊ ತುಂಬ ಕರಕರ ಶಬ್ದವಾಯಿತು. ಅವರ ದನಿ ಇಲ್ಲಿಗೆ ಚೆನ್ನಾಗಿಯೇ ಬರುತ್ತಿತ್ತು. ಇವರ ಐದು ವ್ಯಾಟ್ ಮಾತ್ರ ಆ ಗದ್ದಲ ದಾಟುತ್ತಿರಲಿಲ್ಲ.

"ಭೀಮರಾಜು, ಇದೀಯೇನಪ್ಪಾ?"

ಇವರು ಇದ್ದೇನೆ ಎನ್ನುವರು. ಅವರು ಮತ್ತೆ ಅದನ್ನೇ ಕೇಳುವರು.

ಭೀಮರಾಜ್ ಸೆಟ್ಟಿನ ಬಲ ಹೆಚ್ಚಿಸುವ ಆಂಪ್ಲಿಫೈಯರ್ ಕಟ್ಟಲು ಕೂತರು. ಅದು ಬ್ಯಾಟರಿಯಿಂದ ಎಪ್ಪತ್ತು ವ್ಯಾಟ್ ಎಳೆದು ಆಂಟೆನಾಗೆ ಹದಿನೈದು ಕೊಡುತ್ತಿತ್ತು. ಮಿಕ್ಕಿದ್ದೆಲ್ಲ ಬಿಸಿ. ಎರಡು ಟ್ರಾನ್ಸಿಸ್ಟರ್ ಸುಟ್ಟುಹೋದವು. ಟ್ರಾನ್ಸಿಸ್ಟರಿನ ಬಿಸಿ ಹೀರಲು ಕೂರಿಸಿದ್ದ, ಕಾದ ಅಲ್ಯೂಮಿನಿಯಂ ತಟ್ಟೆ ಮುಟ್ಟಿ ಕೈ ಎಳೆದುಕೊಂಡ ಹೆಂಡತಿ ಶಿವಗಂಗಮ್ಮ, "ಈ ಬಿಸಿಯೆಲ್ಲ ನೀವಾಡಿದ ಮಾತೇ ಏನ್ರೀ?" ಎಂದರು. ಹೌದು, ಹೋಗದೆ ಇಲ್ಲೇ ಉಳಿದ ಮಾತು ಎಂದರು ಇವರು.

ಆಂಟೆನಾ ಕರೆಂಟಿಗೆ ಒಡ್ಡುವ ತಡೆ ಐವತ್ತು ಓಮ್. ಟ್ರಾನ್ಸಿಸ್ಟರಿಗೆ ಹೊಂದುವುದು ಐದೂವರೆ. ಎರಡನ್ನೂ ಹೊಂದಿಸುವ ಟ್ರಾನ್ಸ್‌ಫಾರ್ಮರನ್ನು ಅಂದಾಜಿನ ಮೇಲೆ ಒಂದು ಸುತ್ತಿಗೆ ಐದು ಸುತ್ತಿನಂತೆ ತಂತಿ ಸುತ್ತಿದ್ದೇ ತಪ್ಪಾಗಿತ್ತು. ಸುತ್ತು ಮೂರು ಪಟ್ಟಾದರೆ ಓಮ್ ಒಂಬತ್ತು ಪಟ್ಟಾಗುತ್ತದೆ, ಮೂರೇ ಸಾಕಿತ್ತು. ಬಿಚ್ಚಿ ಮತ್ತೆ ಸುತ್ತಿದರು. ಮೀಟರು ನಲವತ್ತು ವ್ಯಾಟ್ ತೋರಿಸಿತು.

ಅಂದು ಐದಕ್ಕೆ ಮರಿಯಣ್ಣ ಕರೆದಾಗ ಭೀಮರಾಜ್ ತಮ್ಮ ಹೆಸರಷ್ಟೇ ಹೇಳಿದರು.

"ಕೇಳ್ತಾ ಐತೆ. ಎಂಟು ತಿಂಗ್ಳಾಯ್ತು ಕಣಪ್ಪಾ."

"ನೀವು ಕರೆದಿದ್ದು ದಿನಾ ಕೇಳ್ತಿತ್ತು ಅಣ್ಣ."

ಒಮ್ಮೆ ಊರಿಗೆ ಬನ್ನಿ, ಬಿಕ್ಕೋಡಿಗೆ ನಾನೇ ಕರೆದೊಯ್ಯುತ್ತೇನೆ ಎಂದರು ಭೀಮರಾಜ್. ಮಂಡಿ ಹೋಗಿದೆ, ಇನ್ನು ಹಡಗು ವಿಮಾನ ಯಾವುದೂ ಆಗದು ಎಂದರು ಅವರು.

"ಬರಾಕಾಗಲ್ಲ. ನೀನು ಮಾತಾಡ್ತಾ ಇರು."

ಭೀಮರಾಜ್ ಬೇಲೂರಿನಲ್ಲಿ ಬಸ್ಸು ಹತ್ತಿದಲ್ಲಿಂದ ಬಿಕ್ಕೋಡಿನ ದಾರಿಯನ್ನು ತಿರುವು ತಿರುವಾಗಿ ಹೇಳತೊಡಗಿದರು. ನಡುವೆ ನಿಲ್ಲಿಸಿದಾಗೆಲ್ಲ ಆ ಕಡೆಯಿಂದ ಒಂದು 'ಹೂಂ' ಬರುತ್ತಿತ್ತು. ಬೆಳಕು ಇಳಿದಂತೆ ರೇಡಿಯೊ ಅಲೆಗಳು ಸೋತು ಅದು ಸಣ್ಣದಾಗಿ, ಕೇಳದಾಯಿತು. ಭೀಮರಾಜ್ ದಾರಿಯನ್ನು ಅರ್ಧಕ್ಕೆ ಬಿಡಲಿಲ್ಲ.

ಈಗ ಮರಿಯಣ್ಣ ವಾರಕ್ಕೆ ಮೂರೋ ನಾಲ್ಕೋ ದಿನ ಸಿಗುತ್ತಾರೆ. ಸಿಗದ ದಿನ ಭೀಮರಾಜ್ ಕರೆದು, ಕಾದು, ಅಂಗಡಿಯ ಬಾಗಿಲು ತಡವಾಗಿ ಎಳೆಯುತ್ತಾರೆ.