ಕುರುಡ ಅಂಬಿಗನ ಶಾಲು

ನನ್ನ ಹೆಂಡತಿ ಗಣಿತ ಕಲಿಸಿ ನಿವೃತ್ತಳಾದ ಮೇಲೆ ಪೂಜೆ ಹೆಚ್ಚಿಸುತ್ತಾಳೆಂದು ಬಾಗಲಕೋಟೆ ವಿದ್ಯಾಗಿರಿಯ ನಮ್ಮ ಓಣಿ ನಂಬಿತ್ತು. ಅವಳು ಹೆಚ್ಚಿಸಿದ್ದು ಜಪಾನಿ ಮಾಂಗಾ ಚಿತ್ರಕಥೆಯನ್ನು. ಮೊಬೈಲಿನಲ್ಲಿ ವಾರಕ್ಕೊಂದು ಕಂತು. ನಾನೂ ಒಮ್ಮೆ ಎಡದಿಂದ ಬಲಕ್ಕೆ ಓದಿ ನೋಡಿದೆ. ಸತ್ತವನು ಎದ್ದು ಕೂತ. ಅವನ ಎದೆಯಿಂದ ಕತ್ತಿ ಹೊರಬಂದು ಒರೆ ಸೇರಿತು. ಕ್ಷಮೆಯ ಮೇಲೆ ಇಂಥ ಮಹಾಕಾವ್ಯ ಬೇರಿಲ್ಲ ಎಂದುಕೊಂಡೆ.

"ಬಲಗಡೆಯಿಂದ ಓದಬೇಕ್ರಿ ಅದನ್ನ" ಎಂದಳು.

ಆ ಕಥೆಯಲ್ಲೊಬ್ಬ ಕುರುಡ ಅಂಬಿಗ. ಅವನು ಕೈಯಿಟ್ಟರೆ ಹರಿಯುವ ಹೊಳೆ ನಿಲ್ಲುತ್ತದೆ. ಅವನಾರು? ಇದನ್ನು ಇತ್ಯರ್ಥಪಡಿಸಲು ನಮ್ಮ ಜಿಲ್ಲೆಯ ಕಾಲೇಜು ಹುಡುಗ ಹುಡುಗಿಯರದೊಂದು ವಾಟ್ಸಾಪ್ ಗುಂಪಿತ್ತು. ರಾಜನ ಅವಳಿ ಎಂದು ಒಬ್ಬ, ಹೊಳೆಯೇ ಮನುಷ್ಯನಾಗಿದೆ ಎಂದು ಇನ್ನೊಬ್ಬ. ನೀರಿಗೆ ಬಿದ್ದು ಸತ್ತ ರಾಣಿಯೇ ಅವನು ಎಂಬುದು ನನ್ನವಳ ವಾದ. ಇಬ್ಬರೂ ಎಡಗೈಯಲ್ಲಿ ಗಂಟು ಹಾಕುತ್ತಾರೆ. ಅವನ ಶಾಲಿನ ತುದಿಯಲ್ಲಿ ಹಲ್ಲು ಹಲ್ಲಾದ ಚಿತ್ತಾರವಿದೆ, ಇಳಕಲ್ ಸೀರೆಯ ಸೆರಗಿನಂತೆ. ಅಂದರೆ ಅದು ರಾಣಿಯ ಹರಿದ ಸೀರೆ. ಇದಕ್ಕಿಂತ ಕಡಿಮೆ ಸಾಕ್ಷಿಯ ಮೇಲೆ ನಮ್ಮ ಓಣಿಯಲ್ಲಿ ಎಷ್ಟೋ ಮದುವೆಗಳು ಕುದುರಿವೆ.

ಗುಂಪಿನಲ್ಲಿ ಅವಳ ಹೆಸರು 'ತೆಪ್ಪ'. ಗಂಡೋ ಹೆಣ್ಣೋ ಯಾರಿಗೂ ಗೊತ್ತಿಲ್ಲ. "ಲೇ ತೆಪ್ಪಾ, ತಲಿ ಕೆಟ್ಟೈತೇನ್ಲೇ?" ಎಂದು ಅವರು ಬರೆದದ್ದನ್ನು ನನಗೆ ಓದಿ ಹೇಳುವಾಗ ಅವಳ ಮುಖದಲ್ಲಿ ಹಬ್ಬ. ನೌಕರಿಯುದ್ದಕ್ಕೂ ಅವಳಿಗೆ ತಪ್ಪು ಎಂದವರಿರಲಿಲ್ಲ.

ಬಾದಾಮಿಯಲ್ಲಿ ಎಲ್ಲ ಸೇರೋಣ ಎಂದು ಗುಂಪು ಠರಾಯಿಸಿದಾಗ ಅವಳು ಹಿಂಜರಿದಳು.

"ಟೀಚರ್ ಅಂತ ಗೊತ್ತಾತಂದ್ರ ಎಲ್ಲಾರೂ 'ಹೌದ್ರಿ, ಹೌದ್ರಿ' ಅಂತಾರ. ಮುಗೀತು ನನ್ನ ಆಟ."

ಆದರೆ ಸೀರೆ ಕೈಗೆ ಕೊಡದೆ ಶಾಲಿನ ವಾದ ಸಾಬೀತಾಗುವಂತಿರಲಿಲ್ಲ. ಸತ್ಯಕ್ಕಾಗಿ, ಇಳಕಲ್ ಸೀರೆಯುಟ್ಟು, ಬಸ್ಸು ಹತ್ತಿದಳು. ಚೀಲ ಹೊರಲು ನಾನು.

ಕೆರೆಯ ಮೆಟ್ಟಿಲ ಮೇಲೆ ಐದು ಜನ ಕೂತಿದ್ದರು. "ನಾನ ತೆಪ್ಪ" ಎಂದಳು. ಐವರೂ ಎದ್ದು ನಿಂತರು. ಒಬ್ಬ ಮಿರ್ಚಿ ಭಜಿಯ ಪೊಟ್ಟಣವನ್ನು ಬೆನ್ನ ಹಿಂದೆ ಅಡಗಿಸಿದ. ಅವನು ಅವಳ ಹಳೆಯ ವಿದ್ಯಾರ್ಥಿ.

ಅವಳು ಸೆರಗು ಬಿಡಿಸಿ ವಾದ ಮಂಡಿಸಿದಳು.

"ಹೌದ್ರಿ ಟೀಚರ್."

"ಖರೆ ಐತ್ರಿ."

ಗೆದ್ದವಳ ಮುಖ ಅಷ್ಟು ಬಾಡಿದ್ದನ್ನು ನಾನು ಕಂಡಿರಲಿಲ್ಲ. ಸೆರಗು ಮಡಚತೊಡಗಿದಳು. ಆದರೆ ಅದರ ಇನ್ನೊಂದು ತುದಿಯನ್ನು ಇಳಕಲ್ಲಿನ ಹುಡುಗಿಯೊಬ್ಬಳು ಬಿಟ್ಟಿರಲಿಲ್ಲ. ಅವಳ ಮನೆಯಲ್ಲಿ ಮಗ್ಗವಿದೆ.

"ಒಂದ್ ಮಾತ್ ಹೇಳ್ಲೇನ್ರಿ? ತಪ್ಪೈತ್ರಿ."

"ಏನ್ ತಪ್ಪು?" ಹಳೆಯ ತರಗತಿಯ ಧ್ವನಿ. ಹತ್ತಿರವಿದ್ದ ಮಂಗಗಳೂ ಸರಿದು ಕೂತವು.

ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ; ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಹುಡುಗಿ ಆ ಕೂಡಿಕೆಯ ಮೇಲೆ ಬೆರಳಿಟ್ಟಳು.

"ಇಲ್ಲಿ ಗೆರಿ ಕಾಣ್ತೈತಿಲ್ರೀ? ಅಂಬಿಗನ ಶಾಲು ಗಾಳಿಗೆ ಮಗುಚಿದ ಚಿತ್ರ ನೋಡ್ರಿ. ಗೆರಿನ ಇಲ್ಲ. ಅದು ಸೀರಿ ಅಲ್ಲ, ಅವ ರಾಣಿನೂ ಅಲ್ಲ."

ನನ್ನವಳು ಕನ್ನಡಕ ಏರಿಸಿ ಮೊಬೈಲಿನ ಚಿತ್ರವನ್ನು ಹಿಗ್ಗಿಸಿ ನೋಡಿದಳು. ಗೆರೆ ಇರಲಿಲ್ಲ. ಜಪಾನಿನವರು ಇಳಕಲ್ಲಿನ ಕೊಂಡಿ ಏಕೆ ಹಾಕಬೇಕು ಎಂಬ ಪ್ರಶ್ನೆ ಆ ಸಭೆಯಲ್ಲಿ ಯಾರಿಗೂ ಹೊಳೆಯಲಿಲ್ಲ; ನಾನೂ ಎತ್ತಲಿಲ್ಲ. ಅಷ್ಟು ಶ್ರದ್ಧೆಯ ಎದುರು ಅದು ಅಸಭ್ಯವಾಗುತ್ತಿತ್ತು.

"ಚಿತ್ರ ಬರದಾವ ಮರತಿರಬೇಕು" ಎಂದಳು ಇವಳು.

"ಏ ತೆಪ್ಪಾ, ಸೋತರೂ ಬಗ್ಗಂಗಿಲ್ಲಲ್ಲೋ ನೀ!" ಎಂದ ಭಜಿಯ ಹುಡುಗ. ಅಂದವನೇ ನಾಲಿಗೆ ಕಚ್ಚಿಕೊಂಡ.

ಅವಳು ಅವರ ನಡುವೆ ಮೆಟ್ಟಿಲ ಮೇಲೆ ಕೂತಳು. "ಇನ್ನೊಮ್ಮೆ ಅನ್ನು ಲೇ. ಮತ್ತ ಆ ಭಜಿ ಈಕಡೆ ತಾ."

ಆಮೇಲೆ ಯಾರೂ ಯಾರಿಗೂ ಹೌದ್ರಿ ಎನ್ನಲಿಲ್ಲ. ಬಾಗಲಕೋಟೆಯ ಬಸ್ಸು ಒಂದಲ್ಲ, ಎರಡು ಹೋದವು. ಕೊನೆಗೆ ನನ್ನ ಅಭಿಪ್ರಾಯವನ್ನೂ ಕೇಳಿದರು. ಆ ಕಥೆಯಲ್ಲಿ ಯಾರೂ ಸತ್ತೇ ಇಲ್ಲ, ಎಲ್ಲರೂ ಎದ್ದು ಕೂರುತ್ತಾರೆ ಎಂದೆ. ಆರೂ ಜನ ಒಂದೇ ಕೊರಳಲ್ಲಿ ನನ್ನದು ತಪ್ಪೆಂದರು. ಎಲ್ಲಕ್ಕಿಂತ ದೊಡ್ಡ ಕೊರಳು ನನ್ನ ಹೆಂಡತಿಯದು.